ಒಡೆಯದ ಹಾಲು

"ಬಾಯಿ ಮುಚ್ಚು! ಹಾಲು ಯಾವುದು ಅಂತ ನನಗೇ ಹೇಳಿಕೊಡ್ತೀಯಾ ನೀನು?"

ಹಾಲಣ್ಣ ಸೌಟನ್ನು ಪಾತ್ರೆಯೊಳಗೆ ಕುಕ್ಕಿದ ರಭಸಕ್ಕೆ ಬಿಳಿ ಸೂಪು ಎಗರಿ ಅವನ ಅಂಗಿಯ ಮೇಲೇ ಬಿತ್ತು. ತಂಗಿಯೂ ಬಿಡುವವಳಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಸಿಟ್ಟು.

"ಅಣ್ಣಾ, ಅದು ಕೋಳಿ ಮೂಳೆ, ಕೋಳಿ ಕಾಲು, ನೀರು. ಹಾಲು ಒಂದು ತೊಟ್ಟೂ ಇಲ್ಲ. ದೊಡ್ಡ ಉರೀಲಿ ಕುದಿಸಿ ಕುದಿಸಿ ಬೆಳ್ಳಗಾಗಿರೋದು."

"ಮೂಳೆ ಕುದಿಸಿದ್ರೆ ಹಾಲು ಬರೋದಾದ್ರೆ, ನಾನ್ಯಾಕೆ ಬೆಳಕು ಹರಿಯೋ ಮುಂಚೆ ಎದ್ದು ಹಸು ಇರೋರ ಮನೆ ಬಾಗಿಲು ತಟ್ಟಬೇಕಿತ್ತು?"

ಇಷ್ಟಕ್ಕೂ ಜಗಳ ಹಾಲಿನದಲ್ಲ, ಕೋಣೆಯದು. ತಂಗಿಯ ಮನೆಯ ಎದುರು ಸಾಲಿನಲ್ಲಿ ಹಾಲಣ್ಣನ ಹಾಲಿನಂಗಡಿ. ಅದರ ಮಗ್ಗುಲಿಗೆ ಅವನದೇ ಒಂದು ಖಾಲಿ ಕೋಣೆ. ಮ್ಯಾನೇಜರನ ಮುಖಕ್ಕೆ ಏಪ್ರನ್ ಎಸೆದು ಕ್ಯಾಂಟೀನಿನ ಕೆಲಸ ಬಿಟ್ಟುಬಂದಿದ್ದ ತಂಗಿಗೆ ಅಲ್ಲೊಂದು ರಾಮೆನ್ ಅಂಗಡಿ ಇಡುವ ಆಸೆ. ಜಪಾನಿನವರ ನೂಡಲ್ಸು ಅದು. ಕೆನೆಯಂಥ ಕೋಳಿ ಸೂಪಿನಲ್ಲಿ ಮುಳುಗಿರುತ್ತದೆ, ಮೇಲೆ ನಾಲ್ಕು ಹನಿ ಹುಳಿಹಣ್ಣಿನ ರಸ. ಮೊಬೈಲು ನೋಡಿ ನೋಡಿ, ಪಾತ್ರೆ ಸೀಯಿಸಿ ಸೀಯಿಸಿ ಕಲಿತಿದ್ದಳು. ಅಣ್ಣನಿಗೋ ಆ ಕೋಣೆಯಲ್ಲಿ ಮೊಸರಿನ ಫ್ರಿಜ್ಜು ಇಡುವ ಆಸೆ. "ನನ್ನ ನಾಲಿಗೆ ಒಪ್ಪಿದ್ರೆ ಬೀಗದ ಕೈ ನಿಂದು" ಎಂದು ಬಂದವನು, ತಿನ್ನುವ ಮೊದಲೇ ಪಾತ್ರೆಯ ಮುಚ್ಚಳ ತೆಗೆದು ನೋಡಿಬಿಟ್ಟಿದ್ದ.

ಈಗ ಜೇಬಿನಿಂದ ಲ್ಯಾಕ್ಟೋಮೀಟರ್ ಹೊರಬಂತು. ಹಾಲಿಗೆ ನೀರು ಬೆರೆಸಿದವರನ್ನು ಹಿಡಿದುಕೊಡುವ ಆ ಗಾಜಿನ ಕಡ್ಡಿ ಇಲ್ಲದೆ ಅವನು ನೆಂಟರ ಮನೆಗೂ ಹೋಗುವವನಲ್ಲ. ಲೋಟಕ್ಕೆ ಸೂಪು ಬಗ್ಗಿಸಿ, ಆರಿಸಿ, ಕಡ್ಡಿ ಇಳಿಬಿಟ್ಟ. ಕಡ್ಡಿ ಮುಳುಗಿತು.

"ಅಯ್ಯೋ ನಿನ್ನ! ಹಾಲು ಹಾಕಿದ್ದು ಸಾಲದು ಅಂತ ಅದಕ್ಕೆ ನೀರೂ ಬೆರೆಸಿದೀಯಾ! ನನ್ನ ತಂಗಿಯಾಗಿ!"

ಬಾಗಿಲ ಬಳಿ ಕೂತು ಗುಂಡಿ ಹೊಲಿಯುತ್ತಿದ್ದ ಅವಳ ಗಂಡ, ದರ್ಜಿ, ನಗು ತಡೆಯಲು ಹೋಗಿ ಬೆರಳಿಗೆ ಸೂಜಿ ಚುಚ್ಚಿಕೊಂಡ. "ಭಾವ, ಆ ಕಡ್ಡೀನ ಹೊಳೇಲಿ ಬಿಟ್ರೂ ನೀರು ಬೆರೆಸಿದಾರೆ ಅಂತಾನೇ ಹೇಳುತ್ತೆ."

"ನೀನು ಮೊದಲು ನಿನ್ನ ಬಾಯಿ ಹೊಲ್ಕೋ."

ಅಷ್ಟರಲ್ಲಿ ಹಾಲಣ್ಣನ ಕಣ್ಣು ಹೆಚ್ಚಿಟ್ಟ ಹಣ್ಣುಗಳ ಮೇಲೆ ಬಿತ್ತು. ಯೂಜು ಎಂಬ ಜಪಾನಿನ ಹುಳಿಹಣ್ಣು ಪೇಟೆಯಲ್ಲೆಲ್ಲೂ ಸಿಗದೆ, ತಂಗಿ ನಿಂಬೆಗೆ ಕಿತ್ತಳೆ ಜೊತೆ ಮಾಡಿದ್ದಳು.

"ಇದನ್ನ ಅದಕ್ಕೆ ಹಿಂಡ್ತೀಯಾ?"

"ಹೂಂ. ಕೊನೇಲಿ."

ಹಾಲಣ್ಣನ ಮುಖ ಅರಳಿತು. "ಸಿಕ್ಕಿಬಿದ್ದೆ! ಕುದಿಯೋ ಹಾಲಿಗೆ ನಿಂಬೆಹುಳಿ! ಹಿಂಡು, ಈಗಲೇ ಹಿಂಡು. ಒಡೀದೇ ಇದ್ರೆ ಬೀಗದ ಕೈ ನಿಂದು, ನಾನು ಈ ಅಡುಗೆಮನೆ ಹೊಸ್ತಿಲು ಮತ್ತೆ ತುಳಿಯಲ್ಲ. ಒಡೀತೋ, ನಾಳೆನೇ ಹೋಗಿ ಆ ಮ್ಯಾನೇಜರನ ಕಾಲು ಹಿಡಿ!"

ತಂಗಿ ಕುದಿಯುವ ಸೂಪನ್ನು ಇನ್ನೊಂದು ಲೋಟಕ್ಕೆ ಬಗ್ಗಿಸಿದಳು. ಅದರಲ್ಲಿ ಹಾಲಿಲ್ಲವೆಂದು ಅವಳಿಗೆ ಗೊತ್ತು. ಮೂಳೆ ತೊಳೆದದ್ದು ಅವಳೇ, ಒಲೆಯ ಮುಂದೆ ನಿಂತು ಬೆವರಿದ್ದೂ ಅವಳೇ. ಆದರೂ ಲೋಟದೊಳಗೆ ಇನ್ನೊಮ್ಮೆ ಇಣುಕಿ ನೋಡಿದಳು. ಅಣ್ಣನ ಗಂಟಲು ಅಂಥದ್ದು. ಎದುರಿಗೆ ನಿಂತರೆ ಸತ್ಯಕ್ಕೇ ತನ್ನ ಮೇಲೆ ಅನುಮಾನ ಬರಬೇಕು. ಅರ್ಧ ನಿಂಬೆ ಹಿಂಡಿದಳು. "ಇನ್ನರ್ಧ" ಎಂದ ಅವನು. ಅದನ್ನೂ ಹಿಂಡಿದಳು.

ಮೂವರೂ ಬಗ್ಗಿ ನೋಡಿದರು. ಸೂಪು ನುಣ್ಣಗೆ, ಬೆಳ್ಳಗೆ, ಏನೂ ಆಗದವರ ಹಾಗೆ ಕೂತಿತ್ತು. ಹಾಲಣ್ಣ ಲೋಟ ಓರೆ ಮಾಡಿದ. ಚಮಚ ಹಾಕಿ ಕಲಕಿದ. ಕೊನೆಗೆ ಟೀ ಸೋಸುವ ಜಾಲರಿಯನ್ನೇ ತಂದು ಇಡೀ ಲೋಟ ಸೋಸಿದ. ಜಾಲರಿಯಲ್ಲಿ ಉಳಿದದ್ದು ಒಂದು ನಿಂಬೆ ಬೀಜ.

"ಬಾಯಲ್ಲಿ ಗೊತ್ತಾಗುತ್ತೆ" ಎಂದು ಗೊಣಗಿ ಗುಟುಕು ಹೀರಿದ. ಮುಖ ಹುಳ್ಳಗಾಯಿತು. ಮತ್ತೆ ಹೀರಿದ. ಹುಬ್ಬುಗಳು ಮೇಲೇರಿ ಅಲ್ಲೇ ನಿಂತವು. ಮೂರನೆಯದಕ್ಕೆ ಲೋಟವನ್ನೇ ಎತ್ತಿದ.

"ಹೇಗಿದೆ ಭಾವ?"

"ಒಡೆದಿಲ್ಲ."

ತಂಗಿ ದೊಡ್ಡ ಬಟ್ಟಲಿಗೆ ನೂಡಲ್ಸು ಹಾಕಿದಳು. ಮೇಲೆ ಕೋಳಿಯ ತೆಳು ತುಂಡು, ಅರ್ಧ ಮೊಟ್ಟೆ, ತುಂಬ ಸೂಪು, ಈ ಸಲ ಅಳತೆಗೆ ನಾಲ್ಕೇ ಹನಿ ಹುಳಿ, ತುರಿದ ಕಿತ್ತಳೆ ಸಿಪ್ಪೆ. "ಕೂತ್ಕೋ ಅಣ್ಣ. ಬಿಸಿ ಇದ್ದಾಗಲೇ ತಿನ್ನು."

"ಕೂರೋದಾ? ಸೋತ ಜಾಗದಲ್ಲಾ? ನಾನು ಆಡಿದ ಮಾತು ಆಡಿದ್ದೇ!" ಹಾಲಣ್ಣ ಬಟ್ಟಲನ್ನು ಎರಡೂ ಕೈಯಲ್ಲಿ ಕಿತ್ತುಕೊಂಡು, ಹೊಸ್ತಿಲು ದಾಟಿ, ದಡದಡ ಮೆಟ್ಟಿಲಿಳಿದುಹೋದ.

"ಬೀಗದ ಕೈ?" ತಂಗಿ ಹಿಂದಿನಿಂದ ಕೂಗಿದಳು.

ಕಾದರು. ತನ್ನ ಬಟ್ಟಲು ಮುಗಿಸಿದ ದರ್ಜಿ ಹೆಂಡತಿಯದಕ್ಕೂ ಕಣ್ಣು ಹಾಕಿದ. ಭಾವ ಬರಲಿಲ್ಲ. ಕೆಳಗೆ ರಸ್ತೆಯಲ್ಲಿ ಮಾತ್ರ "ಹಾಲಣ್ಣಾ, ಓ ಹಾಲಣ್ಣಾ" ಎಂಬ ಕೂಗು ಹೆಚ್ಚಾಯಿತು. ತಂಗಿ ಕಿಟಕಿಯಿಂದ ಇಣುಕಿದಳು.

ಹಾಲಿನಂಗಡಿ ಬಾಗಿಲು ತೆರೆದುಕೊಂಡು ಖಾಲಿ ಹೊಡೆಯುತ್ತಿತ್ತು. ಮಗ್ಗುಲ ಕೋಣೆಯ ಶಟರು ಅರ್ಧ ಮೇಲಕ್ಕೆದ್ದಿತ್ತು. ಕೊಂಡಿಗೆ ಸಿಕ್ಕಿಸಿದ ಬೀಗದಲ್ಲಿ ಬೀಗದ ಕೈ ನೇತಾಡುತ್ತಿತ್ತು. ಒಳಗಿನಿಂದ ಸೊರ್ ಸೊರ್ರೆಂದು ಎಳೆದು ಹೀರುವ ಸದ್ದು. ಹಾಲಿನ ಪಾತ್ರೆ ಹಿಡಿದ ಒಬ್ಬ ಹೆಂಗಸು ಸೊಂಟ ಬಗ್ಗಿಸಿ ಶಟರಿನ ಕೆಳಗೆ ತಲೆ ತೂರಿಸಿದ್ದಳು.

"ಹಾಲಣ್ಣಾ, ಇಲ್ಲೇನು ಸಿಗುತ್ತೆ?"

"ಹಾಲಲ್ಲ!" ಎಂದು ಒಳಗಿನಿಂದ ಗುಡುಗು ಕೇಳಿತು. "ಲೈನಲ್ಲಿ ನಿಂತ್ಕೋ!"