ಮನೆಗಳ ಶಿಫಾರಸು

ಹಾಲು ಉಕ್ಕಿಸಿದ ದಿನದಿಂದಲೇ ಮನೆಗಳಿಗೆ ಮಾತು ಬರುತ್ತಿದ್ದ ಕಾಲ ಅದು. ಬಡವರಿಗೆ ಮನೆ ಕಟ್ಟಿಸುವ ನಗರ ವಸತಿ ಮಂಡಳಿಯಲ್ಲಿ ಯಾರಿಗೇ ಬಡ್ತಿ ಕೊಡಲಿ, ಮನೆಗಳನ್ನು ಕೇಳಿಯೇ ಕೊಡಬೇಕಿತ್ತು.

ಮುಖ್ಯ ಎಂಜಿನಿಯರ್ ಹುದ್ದೆಗೆ ಇಬ್ಬರಿದ್ದರು, ನೀಲಗಂಗಾ ಅಂಗಡಿ ಮತ್ತು ಯಲಿಗಾರ. ನೀಲಗಂಗಾ ಕಟ್ಟಿಸಿದ ಆರುನೂರು ಮನೆಗಳಲ್ಲಿ ಒಂದೂ ಸೋರಿರಲಿಲ್ಲ. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದ ಅವಳಿಗೆ ಆ ದಾಖಲೆಯೇ ಆಸರೆ.

ಆಯುಕ್ತರು ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಮೊದಲು ಯಲಿಗಾರ ಕಟ್ಟಿಸಿದ ಒಂದು ಮನೆಗೆ ಸ್ಪೀಕರಿನಲ್ಲಿ ಫೋನು ಹಚ್ಚಿ, ಕಟ್ಟಿಸಿದ ಎಂಜಿನಿಯರ್ ಗೊತ್ತೇ ಎಂದು ಕೇಳಿದರು.

“ಯಲಿಗಾರ ಸಾಹೇಬ್ರೇನ್ರೀ? ದೇವ್ರಂಥಾ ಮನಷ್ಯಾರೀ! ವಾರಾ ವಾರಾ ಬಂದು ನನ್ನ ಬಿರುಕು ಮುಚ್ಚಸ್ತಾರ.”

“ಬಿರುಕು ಬಿಡೂಹಂಗ ಕಟ್ಟಿಸಿದ್ದು ಯಾರು ಅಂತನೂ ಕೇಳ್ರೀ ಸರ್!” ನೀಲಗಂಗಾ ಸಿಡುಕಿದಳು.

“ಆ ಪ್ರಶ್ನೆ ಫಾರ್ಮಿನ್ಯಾಗ ಇಲ್ರೀ ಮೇಡಂ,” ಎಂದ ಆಯುಕ್ತರು ಅವಳು ಕಟ್ಟಿಸಿದ ಒಂದು ಮನೆಗೆ ಹಚ್ಚಿದರು.

“ಅಂಗಡಿ ಮೇಡಂ? ಯಾರ್ರೀ ಅವ್ರು? ಹನ್ನೊಂದು ವರ್ಷಾತು, ಒಮ್ಮೆನೂ ಈ ಕಡೆ ಬಂದಿಲ್ಲ.”

ರಿಪೇರಿಗೆ ಬರುವಂಥ ಕೆಲಸವನ್ನೇ ಆ ಮನೆ ಕೊಟ್ಟಿರಲಿಲ್ಲವಲ್ಲ! ಆರುನೂರು ಮನೆಗಳೂ ಅದನ್ನೇ ಹೇಳಿದವು. ಹುದ್ದೆ ಯಲಿಗಾರನಿಗೆ ಹೋಯಿತು.

ಮರುದಿನ ಮಧ್ಯಾಹ್ನ ನೀಲಗಂಗಾ ಸ್ಪ್ಯಾನರ್ ಹಿಡಿದು, ತನ್ನನ್ನು ಯಾರೆಂದು ಕೇಳಿದ್ದ ಅದೇ ಮನೆಯ ಹೊರಗಿನ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಯಾರ್ರೀ ಅಕ್ಕಾರ?” ಎಂದಿತು ಮನೆ.

“ಅಂಗಡಿ ಮೇಡಂ.” ಅವಳು ನಟ್ಟನ್ನು ಅರ್ಧ ಸುತ್ತು ಸಡಿಲಿಸಿದಳು. ಮೊದಲ ಹನಿ ಟಪ್ಪೆಂದು ಬಿತ್ತು. “ಹೆಸರು ನೆನಪಿಟ್ಕೊ. ಮುಂದಿನ ವಾರ ರಿಪೇರಿಗೆ ಬರ್ತೀನಿ.”