ಎಡ್ವಿನ್ ತಂದ ಮೊಲಗಳು

ಮೇವಿಸ್ ಮೊಲದ ಹೊಟ್ಟೆಯ ಮೇಲೆ ಬೆರಳಿಟ್ಟು ಒತ್ತಿದಳು. ಬೆರಳು ಒಳಗೆ ಹೋಗಲಿಲ್ಲ.

"ಈಗ ತಾನೇ ಹಿಡಿದದ್ದಾ?"

"ಅರ್ಧ ಗಂಟೆ ಆಗಿರಬೇಕು," ಎಂದ ಎಡ್ವಿನ್, ಬೂಟಿನ ಲೇಸು ಬಿಚ್ಚುತ್ತಾ. ತಲೆ ಎತ್ತಲಿಲ್ಲ.

"ಪಾಪ, ಹೊರಗೆ ಎಂಥ ಚಳಿಯೋ. ಕಲ್ಲಾಗಿಬಿಟ್ಟಿದೆ."

ಬೇಟೆಯಾಡಿ ಬಂದ ನಾಯಿ ಒಲೆಯ ಮುಂದೆ ಮಲಗಿತ್ತು. ಅದರ ಪಾದಕ್ಕೆ ಒಂದು ಚೂರು ಕೆಸರೂ ಅಂಟಿರಲಿಲ್ಲ. ಮೇವಿಸ್ ಅದನ್ನೂ ನೋಡಿದಳು, ಗಂಡನನ್ನೂ ನೋಡಿದಳು. ಈರುಳ್ಳಿ ಮುಗಿದಿದೆಯೆಂದು ಬುಟ್ಟಿ ಹಿಡಿದು ಹೊರಟಳು. ಆ ಮನೆಯಲ್ಲಿ ಈರುಳ್ಳಿ ಶನಿವಾರವೇ ಮುಗಿಯುತ್ತಿತ್ತು.

ಉತ್ತರ ಇಂಗ್ಲೆಂಡಿನ ಡರ್ಹಮ್ ಸೀಮೆಯ ಆ ಊರಿನ ಕಲ್ಲಿದ್ದಲ ಗಣಿ ಮುಚ್ಚಿದ ಮೇಲೆ ಎಡ್ವಿನ್ ಹೆಪ್ಪಲ್ ಒಂದು ವರ್ಷ ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂತಿದ್ದ. ಡಾಕ್ಟರು ಮಾತ್ರೆ ಕೊಟ್ಟರು, ಹೆಂಡತಿ ಬೈಗುಳ ಕೊಟ್ಟಳು. ಎರಡೂ ನಾಟಲಿಲ್ಲ. ಗಡ್ಡ ಬೆಳೆಯಿತು, ಮಾತು ನಿಂತಿತು. ಆಮೇಲೆ ಗಣಿಯ ಹಳೆಯ ಗೆಳೆಯನೊಬ್ಬ ಒಂದು ಹೆಣ್ಣು ನಾಯಿಮರಿ ತಂದುಕೊಟ್ಟ. ಗ್ರೇಹೌಂಡ್ ಅಪ್ಪ, ಬೆಡ್ಲಿಂಗ್ಟನ್ ಟೆರಿಯರ್ ಅಮ್ಮ. ಉದ್ದನೆಯ ಕಾಲು ಅಪ್ಪನದು, ತಲೆಯ ಮೇಲಿನ ಉಣ್ಣೆ ಅಮ್ಮನದು. ಬುದ್ಧಿ ಯಾರದೆಂದು ಹೇಳಲು ಎರಡು ಕಡೆಯವರೂ ಮುಂದೆ ಬರಲಿಲ್ಲ. ಎಡ್ವಿನ್ ಅದಕ್ಕೆ ಬುಲೆಟ್ ಎಂದು ಹೆಸರಿಟ್ಟ.

ತರಬೇತಿಯಲ್ಲಿ ಅವನು ಏನೂ ಕಡಿಮೆ ಮಾಡಲಿಲ್ಲ. ಮೊಲದ ಚರ್ಮವನ್ನು ಹಗ್ಗಕ್ಕೆ ಕಟ್ಟಿ ಹುಲ್ಲಿನ ಮೇಲೆ ಎಳೆದುಕೊಂಡು ಓಡಿದ. ಬುಲೆಟ್ ಕೂತು ನೋಡಿತು. ಬೇಲಿ ಹಾರುವುದನ್ನು ಕಲಿಸಲು ತಾನೇ ಹಾರಿ ತೋರಿಸಿದ. ಬುಲೆಟ್ ಪಕ್ಕದ ಗೇಟಿನಿಂದ ಬಂದು ಅವನನ್ನು ಸೇರಿಕೊಂಡಿತು. ಕುರಿಗಳ ತಂಟೆಗೆ ಹೋಗಬಾರದೆಂದು ಕಲಿಸಿದ್ದು ಮಾತ್ರ ಚೆನ್ನಾಗಿ ಹತ್ತಿತು. ಎಷ್ಟು ಚೆನ್ನಾಗಿ ಎಂದರೆ, ಅದು ಮೊಲಗಳ ತಂಟೆಗೂ ಹೋಗಲಿಲ್ಲ. ಮೊದಲ ಸಲ ಜೀವಂತ ಮೊಲ ಎದುರಾದಾಗ ಎಡ್ವಿನ್‌ನ ಕಾಲ ಹಿಂದೆ ಅಡಗಿ ನಿಂತಿತು. ಮೊಲ ಹುಲ್ಲು ತಿಂದು ಮುಗಿಸಿ, ತನಗೆ ಬೇಕಾದಾಗ ಹೋಯಿತು.

ಆ ಸಂಜೆ ಗಣಿ ಕೆಲಸಗಾರರ ಕ್ಲಬ್ಬಿನಲ್ಲಿ ಮೇವಿಸಳ ಅಣ್ಣ ಕ್ಲೆಮ್, ನಾಯಿ ಏನಾದರೂ ಹಿಡಿಯಿತೇ ಎಂದು ಎಲ್ಲರೆದುರು ಕೇಳಿದ. ಎಡ್ವಿನ್ ಹೂಂ ಅಂದುಬಿಟ್ಟ.

ಅಲ್ಲಿಂದ ಪ್ರತಿ ಶನಿವಾರ ಅವನು ಗುಡ್ಡದಿಂದ ಇಳಿದು, ಕೆಳಗಿನ ಬೀದಿಯ ಲಿಡ್ಡೆಲ್‌ನ ಮಾಂಸದಂಗಡಿಗೆ ಹಿಂಬಾಗಿಲಿನಿಂದ ನುಗ್ಗತೊಡಗಿದ. ಲಿಡ್ಡೆಲ್ ಫ್ರೀಜರಿನಿಂದ ಚರ್ಮ ಸುಲಿಯದ ಮೊಲವೊಂದನ್ನು ತೆಗೆದು ಕೊಡುತ್ತಿದ್ದ. ಮಾತಿಲ್ಲ, ನಗುವಿಲ್ಲ. ಎಡ್ವಿನ್ ಅದನ್ನು ಕೋಟಿನೊಳಗೆ ಸೇರಿಸಿ, ಎದೆ ಮರಗಟ್ಟಿಸಿಕೊಂಡು, ಶೂರನಂತೆ ಮನೆಗೆ ಬರುತ್ತಿದ್ದ.

ರಾತ್ರಿ ಮೇವಿಸ್ ಬಾರ್ಲಿ, ಈರುಳ್ಳಿ, ಹಂದಿಮಾಂಸದ ಚೂರು ಹಾಕಿ ಸಾರು ಮಾಡುತ್ತಿದ್ದಳು. ಗಂಡನ ಹಲ್ಲು ಸರಿಯಿಲ್ಲವೆಂದು ಮೂಳೆಯನ್ನೆಲ್ಲ ಬಿಡಿಸಿಯೇ ಬಡಿಸುವಳು. ಅವನು ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದು ಕ್ಲಬ್ಬಿಗೆ ಹೋಗಿ ಭಾಷಣ ಬಿಗಿಯುವನು. "ಕೋಳಿ ತಿನ್ನೋದೂ ಹತ್ತಿ ತಿನ್ನೋದೂ ಒಂದೇ ಕಣ್ರೋ. ಕಾಡುಮೊಲದ ರುಚಿ ಹತ್ತಿದವನಿಗೆ ಕೋಳಿ ಗಂಟಲಲ್ಲಿ ಇಳಿಯಲ್ಲ."

ಬರಬರುತ್ತಾ ಮೊಲಗಳ ರೋಮ ಉದುರತೊಡಗಿತು. ಮೇವಿಸ್ ಕೇಳಿದಾಗ, ಈ ಸಲದ ಚಳಿಗೆ ಮೊಲಗಳಿಗೆಲ್ಲ ಒಂದು ಥರದ ಚರ್ಮರೋಗ ಬಂದಿದೆಯೆಂದ. ಕ್ಲಬ್ಬಿನಲ್ಲೂ ಅದನ್ನೇ ಹೇಳಿದ. ಅದನ್ನು ನಂಬಿ ಅಲ್ಲಿನ ಇಬ್ಬರು ಮೊಲ ತಿನ್ನುವುದನ್ನೇ ಬಿಟ್ಟರು.

ಒಂದನ್ನು ಮಾತ್ರ ಒಪ್ಪಬೇಕು. ಅವನೀಗ ನಸುಕಿನಲ್ಲೇ ಎದ್ದು ಗಡ್ಡ ಬೋಳಿಸುತ್ತಿದ್ದ. ಗುಡ್ಡ ಹತ್ತಿಳಿದು ಕೆನ್ನೆಗೆ ಬಣ್ಣ ಬಂದಿತ್ತು. ಮೇವಿಸ್ ಬಾಗಿಲ ತನಕ ಬಂದು ಕಳಿಸಿಕೊಡುವಳು. ತಾನೂ ಬರುತ್ತೇನೆಂದು ಒಮ್ಮೆಯೂ ಅನ್ನಲಿಲ್ಲ.

ಅಂದದ್ದು ಕ್ಲೆಮ್. ಮುಂದಿನ ಶನಿವಾರ ಈ ಮಹಾ ಬೇಟೆಯನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದ. ಎಡ್ವಿನ್‌ಗೆ ಆ ವಾರವೆಲ್ಲ ಊಟ ಸೇರಲಿಲ್ಲ. ಮತ್ತೆ ಆ ಕುರ್ಚಿ ಅವನ ಕಣ್ಣ ಮುಂದೆ ಬರುತ್ತಿತ್ತು.

ಶನಿವಾರ ಗುಡ್ಡದ ಮೇಲೆ ಮಂಜು ಆಗಷ್ಟೇ ಸರಿದಿತ್ತು. ಗೋಡೆಯ ಬುಡದಲ್ಲೊಂದು ಮೊಲ ಕೂತಿತ್ತು. ಎಡ್ವಿನ್ ನಾಯಿಯ ಕೊರಳಪಟ್ಟಿ ಬಿಚ್ಚಿದ, ಆಮೇಲೆ ನೋಡಲಾರದೆ ಕಣ್ಣು ಮುಚ್ಚಿಕೊಂಡ. ತೆರೆದಾಗ ಬುಲೆಟ್ ಕಾಲ ಹಿಂದೆ ಇರಲಿಲ್ಲ. ನೆಲಕ್ಕಂಟಿದಂತೆ ಓಡುತ್ತಿತ್ತು. ಮೊಲ ತಿರುಗಿತು, ನಾಯಿಯೂ ತಿರುಗಿತು. ಬಿಲ ಇನ್ನೇನು ಒಂದು ಮಾರು ಇದೆ ಅನ್ನುವಾಗ ಬಾಯಿ ಹಾಕಿತು. ಹಿಡಿದದ್ದನ್ನು ಜೀವಸಹಿತ ತಂದು ಎಡ್ವಿನ್‌ನ ಕೈಗೇ ಕೊಟ್ಟಿತು.

ಅವನಿಗೆ ಕೂಗಬೇಕೆನಿಸಿತು, ನಾಯಿಯ ಉಣ್ಣೆತಲೆಯನ್ನು ತಬ್ಬಿ ಅಳಬೇಕೆನಿಸಿತು. ಆದರೆ ಚಳಿಗಾಲವಿಡೀ ಮೊಲ ಹಿಡಿದ ನಾಯಿ ಇನ್ನೊಂದು ಹಿಡಿದರೆ ಯಾರು ಅಳುತ್ತಾರೆ? ಮೊಲದ ಕತ್ತು ಮುರಿದು, ಆಕಳಿಸಿದಂತೆ ಮಾಡಿದ.

"ಪರವಾಗಿಲ್ಲ," ಎಂದ ಕ್ಲೆಮ್. "ವಾರಾ ವಾರಾ ಹಿಡಿಯೋ ನಾಯಿಗೆ ಇದೇನು ಮಹಾ."

ಮನೆಯಲ್ಲಿ ಮೇವಿಸ್ ಎಂದಿನಂತೆ ಹೊಟ್ಟೆಯ ಮೇಲೆ ಬೆರಳಿಟ್ಟಳು. ಬಿಸಿಯಿತ್ತು. ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. ಸ್ವಲ್ಪ ಹೊತ್ತು ನಾಯಿಯ ಕಿವಿ ಸವರಿದಳು. ಆಮೇಲೆ ಚಾಕು ತೆಗೆದುಕೊಂಡು ಹಿತ್ತಲಿಗೆ ಹೋದಳು. ಬರುವಾಗ ಮುಖ ಬಿಳಿಚಿಕೊಂಡಿತ್ತು, ಮೊಣಕೈವರೆಗೂ ರೋಮ ಅಂಟಿತ್ತು.

ರಾತ್ರಿ ಎಡ್ವಿನ್ ಬಲು ಠೀವಿಯಿಂದ ಮೊದಲ ಚಮಚ ಬಾಯಿಗಿಟ್ಟ. ಅಗಿದ. ನಿಲ್ಲಿಸಿದ. ಮತ್ತೆ ಅಗಿದ.

"ಏನು ಹಾಕಿದ್ದೀಯೇ ಇದಕ್ಕೆ? ಏನೋ ವಾಸನೆ. ಮೊಲದ ರುಚಿನೇ ಇಲ್ಲ."

ಮೇವಿಸ್ ಚಮಚ ಕೆಳಗಿಟ್ಟಳು.

"ಇದೇ ಮೊಲ, ಎಡ್ವಿನ್. ಇಷ್ಟು ದಿನ ನೀನು ತಿಂದಿದ್ದು ಕೋಳಿ. ಲಿಡ್ಡೆಲ್ ಹತ್ರ ಇದ್ದದ್ದು ಒಂದೇ ಮೊಲ, ಅದನ್ನ ನೀನು ಶನಿವಾರ ಬೆಳಿಗ್ಗೆ ತರ್ತಿದ್ದೆ, ನಾನು ಮಧ್ಯಾಹ್ನ ವಾಪಸ್ ಕೊಟ್ಟು ಕೋಳಿ ತರ್ತಿದ್ದೆ."