ಮೃಣಾಲಿ ಯಾಕೆ ಹಿಂದೆ ಉಳಿದಳು

ಮೂರು ತಲೆಮಾರು ಓದಿದ ‘ಬೂದಿಗ್ರಹ’ ಕಾದಂಬರಿ ಮಾಲೆಗೆ ಅದರ ಹಿಂದಿನ ಕತೆ ಹೇಳುವ ಹೊಸ ಪುಸ್ತಕವೊಂದು ಬಂದ ಮೇಲೆ, ಓದುಗರು ಮುಖ ಸಿಂಡರಿಸಿಕೊಂಡೇ ಗ್ರಂಥಪಾಲಕಿ ಸುಲೋಚನಾಳ ಬಳಿಗೆ ಬರುತ್ತಿದ್ದರು. ಹಿಡಿಸದ ಓದನ್ನು ನೆನಪಿನಿಂದ ತೆಗೆಸಿಕೊಳ್ಳುವುದು ಪುಸ್ತಕ ಮರಳಿಸುವಷ್ಟೇ ಮಾಮೂಲು. ಇವತ್ತು ಗುರುಬಸಪ್ಪ ಕುರ್ಚಿಯಲ್ಲಿ ಕೂತವರೇ ಟೋಪಿ ತೆಗೆದು ತಲೆಯೊಡ್ಡಿದರು.

“ಎಲ್ಲಾರೂ ಹಡಗು ಹತ್ತಿ ಹೋದ್ರೂ ಮೃಣಾಲಿ ಒಬ್ಬಾಕಿನ ಆ ಗ್ರಹದಾಗ ಯಾಕ ಉಳಿದ್ಲು ಅಂತ ನಾವು ಗೆಳೆಯರು ಚಾದಂಗಡ್ಯಾಗ ಜಗಳಾಡಿದ್ದ ಆಡಿದ್ದು. ಈಗ ಈ ಹೊಸ ಪುಸ್ತಕದಾಗ ಹೇಳ್ತಾರ, ಅಪ್ಪನ ಮ್ಯಾಲಿನ ಸಿಟ್ಟಿಗಂತ! ತಗದುಬಿಡ್ರಿ ಅಕ್ಕಾರ.”

ಸುಲೋಚನಾ ನೆನಪು ತೆಗೆಯುವ ಯಂತ್ರವನ್ನು ಅವರ ಹಣೆಗೆ ಹಿಡಿದಳು. ಇದೇ ಮಾತನ್ನು ಅವರು ಹಿಂದೆಯೂ ಎಷ್ಟೋ ಸಲ ಹೇಳಿದ್ದರು. ತೆಗೆಸಿಕೊಂಡವರಿಗೆ ತೆಗೆಸಿದ್ದೂ ನೆನಪಿರುವುದಿಲ್ಲ; ಗುರುಬಸಪ್ಪ ಅದೇ ಪುಸ್ತಕವನ್ನು ಹೊಸದೆಂದು ಮತ್ತೆ ಒಯ್ದು ಓದುತ್ತಿದ್ದರು. ಪ್ರತಿ ಸಲ ತೆಗೆಯುವಾಗಲೂ ಹಳೆಯ ಕತೆಯ ನೆನಪೂ ಒಂದಿಷ್ಟು ಅದರ ಜೊತೆಗೇ ಕಿತ್ತು ಬರುತ್ತಿತ್ತು.

ಕಣ್ಣು ಬಿಟ್ಟ ಗುರುಬಸಪ್ಪನವರ ಮುಖ ಅರಳಿತು. “ಅಕ್ಕಾರ, ನಮ್ಮ ಬೂದಿಗ್ರಹಕ್ಕ ಹಿಂದಿನ ಕತಿ ಏನರ ಬಂದೈತೇನ್ರಿ?”

ಅವಳು ಪುಸ್ತಕವನ್ನು ಮೇಜಿನ ಕೆಳಗೆ ತಳ್ಳಿದಳು. “ಇಲ್ರಿ ಕಾಕಾರ. ಯಾರೂ ಬರದಿಲ್ಲ.” ಈ ಸುಳ್ಳನ್ನು ಮೊದಲ ಸಲವೇ ಹೇಳಬೇಕಿತ್ತು.

ಅವರ ಮುಖ ಬಾಡಿತು. “ಬರೀಬೇಕಿತ್ತು ನೋಡ್ರಿ. ಪಾಪ, ಆ ಹೆಣ್ಣುಮಗಳು ಒಬ್ಬಾಕಿನ...” ಎಂದವರು ಹಣೆ ಉಜ್ಜಿಕೊಂಡರು. “ಆಕೀ ಹೆಸರೇನ್ರಿ?”

“ಮೃಣಾಲಿ” ಎಂದಳು ಸುಲೋಚನಾ.

“ಹೌದೇನ್ರಿ?” ಎಂದರು ಗುರುಬಸಪ್ಪ. “ಚಲೋ ಐತಿ ಹೆಸರು.”